ವಾಪಸ್ ಹೋಗದ ಹಾಳೆಗಳು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಸಂಶೋಧನಾ ಪತ್ರಿಕೆ ಹೊರಡಿಸಿದವರಲ್ಲ. ಹೊರಡಿಸಿದ್ದರೆ ಮೊದಲಿನ ಎರಡನ್ನೂ ಬಿಟ್ಟು ಇದೊಂದನ್ನೇ ಹೇಳುತ್ತಿದ್ದರು.

ನವಿ ಮುಂಬಯಿಯ ಬೇಲಾಪುರದ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನಾನು ಒಂಬತ್ತು ವರ್ಷಗಳಿಂದ ಕಾಂಟ್ರ್ಯಾಕ್ಟ್ ಮೇಲೆ ಪಾಠ ಮಾಡುತ್ತಿದ್ದೆ. ಪ್ರತಿ ಮಾರ್ಚಿಗೆ ಕೆಲಸ ಮುಗಿಯುವುದು, ಪ್ರತಿ ಜೂನಿಗೆ ಹೊಸ ಕಾಗದಕ್ಕೆ ಸಹಿ ಹಾಕುವುದು. ಆ ಜೂನಿನಲ್ಲಿ ನನ್ನ ಸಹಿ ಒಣಗುವ ಮೊದಲೇ ಪ್ರಾಂಶುಪಾಲರು ವಿಷಯ ತೆಗೆದರು. ಜನವರಿಯಲ್ಲಿ ಕಾಲೇಜಿನ ಗುಣಮಟ್ಟ ನೋಡಲು ಸಮಿತಿ ಬರುತ್ತದೆ. ಅಷ್ಟರೊಳಗೆ ನಮ್ಮದೇ ಒಂದು ಸಂಶೋಧನಾ ಪತ್ರಿಕೆ ಹೊರಬಂದಿರಬೇಕು. ನಿರ್ಧಾರ ಕೈಗೊಳ್ಳುವ ವಿಧಾನಗಳ ಬಗ್ಗೆ ಪಿಎಚ್‌ಡಿ ಮಾಡಿದವಳು ಅಲ್ಲಿ ನಾನೊಬ್ಬಳೇ. ಆದ್ದರಿಂದ ಪತ್ರಿಕೆ ಅದರ ಬಗ್ಗೆಯೇ ಇರಲಿ, ವ್ಯವಸ್ಥಾಪಕ ಸಂಪಾದಕಿ ನಾನೇ ಆಗಲಿ.

"ಮೇಡಂ, ಜನವರಿ ತಕ್ ನಿಕಾಲೋ. ನಿಕ್ಲಾ ತೋ ಆಪ್ ಪರ್ಮನೆಂಟ್. ನಹೀ ನಿಕ್ಲಾ ತೋ..." ಎಂದು ಅವರು ಅಂಗೈ ಮಗುಚಿದರು.

ಪತ್ರಿಕೆ ಬಂದರೆ ಕೆಲಸ ಕಾಯಂ, ಬಾರದಿದ್ದರೆ ಮಾರ್ಚಿಗೆ ಮನೆಗೆ. ನನಗೆ ಆಗ ನಲವತ್ತಾರು. ಆ ವಯಸ್ಸಿನ ಗುತ್ತಿಗೆ ಮೇಡಂ ಒಬ್ಬಳನ್ನು ಇನ್ನೊಂದು ಕಾಲೇಜು ಕರೆದು ಕೂರಿಸಿಕೊಳ್ಳುತ್ತದೆ ಎಂಬ ಭ್ರಮೆ ನನಗಿರಲಿಲ್ಲ. ಡೊಂಬಿವಲಿಯ ಮನೆಗೆ ವಾಪಸಾಗುವಾಗ ದಾರಿಯುದ್ದಕ್ಕೂ ಹೆದರಿಕೆಯಾಗುತ್ತಿತ್ತು.

ಪತ್ರಿಕೆಗೆ ಪ್ರಧಾನ ಸಂಪಾದಕರು ಬೇಕು, ಹೆಸರಿರುವವರು. ಠಾಣೆಯ ಕೋಪರಿಯಲ್ಲಿ ಮಗಳ ಮನೆಯಲ್ಲಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ನನಗೆ ಗೊತ್ತಿದ್ದರು. ಮೈಸೂರಿನವರು, ಜೀವಮಾನವೆಲ್ಲ ಈ ವಿಷಯವನ್ನೇ ಕಲಿಸಿದವರು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು.

"ಲೇಖನದ ಜೊತೆಗೆ ಮೂಲ ಹಾಳೆಗಳನ್ನೂ ಕಳಿಸ್ಬೇಕು ಕಣಮ್ಮ. ಜನ ತಮ್ಮ ಕೈಯಾರೆ ತುಂಬಿದ್ದು. ಬಡಿಸಿದ ಎಲೆ ನೋಡಿ ಎಲ್ಲರೂ ಹೊಗಳ್ತಾರೆ. ನನಗೆ ಅಡುಗೆಮನೆ ನೋಡ್ಬೇಕು."

ಈ ಹಾಳೆ ಎಂದರೇನು ಎಂದು ಹೇಳಿಬಿಡುತ್ತೇನೆ. ಬಾಡಿಗೆ ಮನೆ ಹುಡುಕುವವರೊಬ್ಬರನ್ನು ಕೂರಿಸಿಕೊಂಡು ಎರಡೆರಡೇ ಸಂಗತಿಗಳನ್ನು ಮುಂದಿಟ್ಟು ಕೇಳುತ್ತೇವೆ. ನೀರು ಮುಖ್ಯವೋ, ಸ್ಟೇಷನ್ ಹತ್ತಿರವಿರುವುದು ಮುಖ್ಯವೋ? ಎಷ್ಟು ಪಟ್ಟು? ಒಂದರಿಂದ ಒಂಬತ್ತರೊಳಗೆ ಹೇಳಿ. ಹೀಗೆ ಎಲ್ಲ ಜೋಡಿಗಳನ್ನೂ ಕೇಳಿ ಹಾಳೆ ತುಂಬಿಸಿದರೆ ಯಾವುದಕ್ಕೆ ಎಷ್ಟು ತೂಕ ಎಂದು ಲೆಕ್ಕ ಹಾಕಬಹುದು. ತೊಂದರೆಯೆಂದರೆ, ನೀರು ಸ್ಟೇಷನ್ನಿಗಿಂತ ಮುಖ್ಯ, ಸ್ಟೇಷನ್ ಬಾಡಿಗೆಗಿಂತ ಮುಖ್ಯ ಎಂದವರೇ ಕೊನೆಗೆ ಬಾಡಿಗೆ ನೀರಿಗಿಂತ ಮುಖ್ಯ ಎಂದುಬಿಡುತ್ತಾರೆ. ಈ ಗೊಂದಲವನ್ನು ಅಳೆಯುವ ಸೂತ್ರವಿದೆ. ಉತ್ತರ ಹತ್ತನೇ ಒಂದನ್ನು ದಾಟಿದರೆ ಆ ಹಾಳೆ ತಾಳೆಯಾಗಲಿಲ್ಲ ಎಂದರ್ಥ. ಆಗ ಅದನ್ನು ತುಂಬಿದವರ ಹತ್ತಿರವೇ ವಾಪಸ್ ಒಯ್ದು, "ಇಲ್ಲಿ ಹೊಂದುತ್ತಿಲ್ಲ, ಮತ್ತೊಮ್ಮೆ ಯೋಚಿಸಿ ಹೇಳಿ" ಎಂದು ಕೇಳಬೇಕು. ವಾಪಸ್ ಒಯ್ಯಬೇಕು ಎಂಬುದು ಈ ವಿದ್ಯೆಯ ನಿಯಮ. ವಿದ್ಯಾರ್ಥಿಗಳಿಗೆ ನಾನು ಅದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ.

ಜುಲೈಯಲ್ಲಿ ಜಾಲತಾಣ ಸಿದ್ಧವಾಯಿತು. ಲೇಖನ ಬಂದ ಕೂಡಲೇ ಅದರಿಂದ ಲೇಖಕರ ಹೆಸರು ತೆಗೆಯಬೇಕು. ಮೊದಲ ಪುಟದಿಂದ ಮಾತ್ರವಲ್ಲ, ಫೈಲಿನೊಳಗೆ ಕಂಪ್ಯೂಟರ್ ತಾನಾಗಿ ಬರೆದಿಟ್ಟ ಹೆಸರನ್ನೂ. ನಕಲು ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕಬೇಕು. ಆಮೇಲೆ ಇಬ್ಬರು ಪರಿಶೀಲಕರಿಗೆ ಕಳಿಸಬೇಕು. ಬರೆದವರು ಯಾರೆಂದು ಅವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಐದು ಲೇಖನಗಳಾದರೂ ಪ್ರಕಟವಾದರೆ ಮಾತ್ರ ಪತ್ರಿಕೆಗೆ ಐಎಸ್ಎಸ್ಎನ್ ಎಂಬ ಅಂತಾರಾಷ್ಟ್ರೀಯ ಸಂಖ್ಯೆ ಕೇಳಿ ಅರ್ಜಿ ಹಾಕಬಹುದು. ಹಾಗಾಗಿ ಐದು ಎಂಬ ಅಂಕೆ ನನ್ನ ತಲೆಯೊಳಗೆ ಕೂತುಬಿಟ್ಟಿತು.

ಗಣಪತಿ ಹಬ್ಬದ ಹೊತ್ತಿಗೆ ಲೇಖನಗಳು ಬರತೊಡಗಿದವು. ನೋಡಿದರೆ ಅಳಬೇಕೋ ನಗಬೇಕೋ ತಿಳಿಯದು. ಒಂದರಲ್ಲಿ ಕಾರ್ಖಾನೆಗೆ ಕಚ್ಚಾಮಾಲು ಪೂರೈಸುವವರನ್ನು ಆರಿಸಿದ್ದರು. ಇನ್ನೊಂದು ಊರಿನಿಂದ ಬಂದ ಲೇಖನದಲ್ಲಿ ಅದೇ ಕೋಷ್ಟಕ, ಅವೇ ಅಂಕೆ, ಕಚ್ಚಾಮಾಲಿನ ಜಾಗದಲ್ಲಿ ಆಸ್ಪತ್ರೆ ಎಂದು ಹಾಕಿದ್ದರು. ಮತ್ತೊಂದರಲ್ಲಿ ಆಸ್ಪತ್ರೆಯ ಕೋಷ್ಟಕದ ನಡುವೆ ಯಾವುದೋ ಬೈಕಿನ ಲೇಖನದಿಂದ ಎತ್ತಿದ ಇಂಧನ ಟ್ಯಾಂಕಿನ ಅಳತೆ ಹಾಗೆಯೇ ಉಳಿದಿತ್ತು. ನಕಲು ಮಾಡುವುದಕ್ಕೂ ಒಂದು ಶ್ರದ್ಧೆ ಬೇಡವೇ? ಲೇಖನ ಚೆನ್ನಾಗಿದ್ದವರಿಗೆ ಮೂಲ ಹಾಳೆ ಕಳಿಸಿ ಎಂದು ಬರೆದರೆ ಅರ್ಧದಷ್ಟು ಜನ ಸದ್ದಿಲ್ಲದೆ ಲೇಖನ ಹಿಂತೆಗೆದುಕೊಂಡರು. ಒಬ್ಬರಂತೂ "ನಿಮ್ಮ ಪತ್ರಿಕೆಗೆ ಶುಭವಾಗಲಿ" ಎಂದು ಬರೆದು ಹೋದರು. ಅದು ಶಾಪದ ಹಾಗೆ ಕೇಳಿಸಿತು.

ಪರಿಶೀಲಕರ ಕಥೆ ಇನ್ನೊಂದು. ನಲವತ್ತು ಜನರಿಗೆ ಪತ್ರ ಬರೆದರೆ ಆರು ಜನ ಒಪ್ಪಿದರು, ಆರರಲ್ಲಿ ಮೂವರು ಓದಿದರು. ಬೆಳಿಗ್ಗೆ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು "ದಯವಿಟ್ಟು ನೆನಪಿಸುತ್ತಿದ್ದೇನೆ" ಎಂಬ ಒಂದೇ ಸಾಲನ್ನು ಎಷ್ಟು ಸಲ ಟೈಪ್ ಮಾಡಿದೆನೋ. ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹತ್ತುವಷ್ಟರಲ್ಲಿ ನನ್ನ ಸೌಜನ್ಯವೆಲ್ಲ ಖರ್ಚಾಗಿರುತ್ತಿತ್ತು. ದೀಪಾವಳಿಗೆ ಎರಡು ಲೇಖನ ಪಾಸಾದವು. ನವೆಂಬರ್ ಕೊನೆಗೆ ನಾಲ್ಕು. ಪ್ರಾಂಶುಪಾಲರು ಕಾರಿಡಾರಿನಲ್ಲಿ ಕಂಡಾಗಲೆಲ್ಲ ಐದು ಬೆರಳು ಎತ್ತಿ ತೋರಿಸಿ ಹೋಗುತ್ತಿದ್ದರು.

ಐದನೆಯದು ಡಿಸೆಂಬರ್ ಮೊದಲ ವಾರ ಕಲ್ಯಾಣದಿಂದ ಬಂತು. ಅಲ್ಲಿನ ಕಾಲೇಜೊಂದರ ಉಪನ್ಯಾಸಕರು ಕಳಿಸಿದ್ದು: ಕಲ್ಯಾಣ–ಡೊಂಬಿವಲಿಯಲ್ಲಿ ಹೊಸ ಡಯಾಲಿಸಿಸ್ ಕೇಂದ್ರ ತೆರೆಯುವುದಾದರೆ ಎಲ್ಲಿ ತೆರೆಯಬೇಕು? ಹನ್ನೆರಡು ಮಂದಿ ಡಾಕ್ಟರು, ನರ್ಸುಗಳನ್ನು ಕೇಳಿ ಬರೆದ ಲೇಖನ. ಹಾಳೆಗಳೂ ಜೊತೆಗೇ ಇದ್ದವು. ಪರಿಶೀಲಕರಿಬ್ಬರೂ ಹತ್ತೇ ದಿನದಲ್ಲಿ ಒಪ್ಪಿಗೆ ಕೊಟ್ಟರು. ಖುಷಿಯಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ತರಿಸಿದೆ.

ಹಾಳೆಗಳನ್ನು ತಾಳೆ ನೋಡುವ ಕೆಲಸ ಮಾತ್ರ ಬಾಕಿಯಿತ್ತು. ಚಹಾ ಕುಡಿಯುತ್ತಲೇ ನೋಡಿದೆ. ಹನ್ನೆರಡಕ್ಕೆ ಹನ್ನೆರಡೂ ಹತ್ತನೇ ಒಂದರ ಒಳಗಿದ್ದವು. ಪಾಳಿ ಮುಗಿಸಿ ಬಂದ ನರ್ಸು, ಹೊರಗೆ ರೋಗಿಗಳ ಸಾಲು ನಿಲ್ಲಿಸಿಕೊಂಡ ಡಾಕ್ಟರು, ಒಬ್ಬರೂ ಒಂದು ಕಡೆಯೂ ಎಡವಿಲ್ಲ. ಇಷ್ಟು ವರ್ಷ ಹಾಳೆ ತಿದ್ದಿದ ನಾನು ಅಂಥದ್ದು ಕಂಡಿಲ್ಲ. ಆಮೇಲೆ ಏಳು ಎಂಬ ಅಂಕೆಯನ್ನು ನೋಡಿದೆ. ಹನ್ನೆರಡೂ ಹಾಳೆಗಳಲ್ಲಿ ಏಳರ ನಡುವೆ ಒಂದೇ ಕೈ ಎಳೆದ ಹಾಗೆ ಒಂದೇ ಥರ ಪುಟ್ಟ ಅಡ್ಡಗೆರೆ.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಪರಿಶೀಲಕರು ಒಪ್ಪಿದ್ದಾರೆ, ಮೇಷ್ಟ್ರ ಕಣ್ಣು ಮಂಜಾಗಿದೆ, ನಾನು ಬಾಯಿ ಮುಚ್ಚಿಕೊಂಡರೆ ಐದು ಆಗುತ್ತದೆ, ಕೆಲಸ ಕಾಯಂ ಆಗುತ್ತದೆ. ಮೂರನೆಯ ದಿನ ಕೋಪರಿಯಿಂದ ಫೋನು ಬಂತು. "ಐದನೇದರ ಹಾಳೆಗಳು ತಾಳೆ ಆದ್ವೇನಮ್ಮ?" ಎಂದರು ಮೇಷ್ಟ್ರು. ನೋಡುತ್ತಿದ್ದೇನೆ ಎಂದೆ. ಶನಿವಾರ ಮಧ್ಯಾಹ್ನ ಕಲ್ಯಾಣದ ಗಾಡಿ ಹತ್ತಿದೆ.

ಉಪನ್ಯಾಸಕರು ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಕ್ಯಾಂಟೀನಿನಲ್ಲಿ ಕಾದಿದ್ದರು. ಮೂವತ್ತೈದರ ಆಸುಪಾಸು, ವಿಜಯಪುರದ ಕಡೆಯವರು, ನನಗಾಗಿ ಕುರ್ಚಿ ಒರೆಸಿಟ್ಟರು. ನಾನು ಹಾಳೆಗಳನ್ನು ಮೇಜಿನ ಮೇಲೆ ಹರವಿ ಏಳರ ಮೇಲೆ ಬೆರಳಿಟ್ಟೆ. ಅವರು ವಾದ ಮಾಡಲೇ ಇಲ್ಲ.

"ನಾನs ಬರದೀನ್ರಿ ಮೇಡಂ. ಹನ್ನೆರಡೂ ಮಂದಿನ್ನ ಕೇಳಿದ್ದು ಖರೇ ಐತ್ರಿ. ಅವರು ತುಂಬಿದ ಹಾಳಿ ತಾಳಿ ಆಗಲಿಲ್ಲ. ವಾಪಸ್ ಹೋದ್ರ ಡಾಕ್ಟರ್ ಮಂದಿ ಒಳಗs ಬಿಡವಲ್ರು. ಮಾರ್ಚಿನ್ಯಾಗ ನನ್ನ ಥೀಸಿಸ್ ಕೊಡಬೇಕ್ರಿ. ಒಂದು ಲೇಖನ ಪ್ರಕಟ ಆಗಿರ್ಲೇಬೇಕು. ಅದಕ್ಕ ಮನ್ಯಾಗ ಕುಂತು ಸರಿ ಮಾಡಿ ಹೊಸಾ ಹಾಳಿ ಮ್ಯಾಲೆ ಬರದೆ."

"ಮೊದಲಿನ ಹಾಳೆಗಳು ಎಲ್ಲುಂಟು?"

"ರದ್ದಿಗೆ ಹೋದೂ ರೀ."

"ಎಷ್ಟು ತಾಳೆ ಆಗಿರಲಿಲ್ಲ?"

"ಲೆಕ್ಕಾ ಇಟ್ಟಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ ಅರ್ಧ ನನ್ನ ಕೆಲಸ ಹೋಯಿತಲ್ಲ ಎಂಬುದೂ ಇತ್ತು. ಇದು ವಿದ್ಯೆಗೆ ಮಾಡಿದ ಮೋಸ, ನಿಮಗೆ ಪಾಠ ಹೇಳಿದವರು ಯಾರು ಎಂದು ಕ್ಯಾಂಟೀನಿನವರು ತಿರುಗಿ ನೋಡುವ ಹಾಗೆ ಕೇಳಿದೆ. ಅವರು ಲೋಟ ಪಕ್ಕಕ್ಕೆ ಸರಿಸಿ ಚೀಲದಿಂದ ಒಂದು ಜೆರಾಕ್ಸ್ ತೆಗೆದರು. ಅದು ನನ್ನ ಥೀಸಿಸ್ಸಿನ ಕೊನೆಯ ಪುಟಗಳು.

"ಸಿಟ್ಟಾಗಬ್ಯಾಡ್ರಿ ಮೇಡಂ. ನಾನು ನಿಮ್ಮ ಥೀಸಿಸ್ ಇಟ್ಕೊಂಡs ಕಲ್ತಾಂವ. ನೀವು ಒಂಬತ್ತು ಹೋಟೆಲಿನವರನ್ನ ಕೇಳೀರಿ. ನಾಲ್ಕು ಹಾಳಿ ತಾಳಿ ಆಗಿಲ್ಲ. ವಾಪಸ್ ಹೋಗಿ ಚರ್ಚಾ ಮಾಡಿ ಸರಿ ಮಾಡೀವಿ ಅಂತ ಬರದೀರಿ, ತಾರೀಖೂ ಹಾಕೀರಿ. ಠಾಣಾ, ಡೊಂಬಿವಲಿ, ಕಲ್ಯಾಣ, ವಾಶಿ, ನಾಲ್ಕೂ ಒಂದs ದಿನ. ನಾ ಕ್ಯಾಲೆಂಡರ್ ನೋಡಿದೆ, ಐತವಾರ ಐತ್ರಿ. ಐತವಾರ ರೈಲ್ವೆದವರ ರಿಪೇರಿ, ಮೆಗಾಬ್ಲಾಕ್ ಇರತೈತಿ, ಗಾಡಿನs ಸರಿಯಾಗಿ ಓಡೂದಿಲ್ಲ. ಹೋಟೆಲಿನವರು ಅವತ್ತು ಗಲ್ಲಾ ಬಿಟ್ಟು ಏಳತಾರೇನ್ರಿ? ನಾ ತಿಳ್ಕೊಂಡೆ, ಹಿಂಗ ಮಾಡೋದs ಪದ್ಧತಿ ಅಂತ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದಿದ್ದರೆ ತಡೆದುಕೊಳ್ಳಬಹುದಿತ್ತು. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ನಾನು ಬೇರೆಯವರ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದೆ. ಅಂದು ಚೀಲ ಎತ್ತಿಕೊಂಡು, ನಮಸ್ಕಾರ ಎಂದೂ ಹೇಳದೆ ಹೊರಬಿದ್ದೆ. ಗಾಡಿ ಠಾಕುರ್ಲಿ ದಾಟುವಷ್ಟರಲ್ಲಿ ಆ ಭಾನುವಾರ ಪೂರ್ತಿ ನೆನಪಾಗಿತ್ತು.

ನನ್ನ ಥೀಸಿಸ್ ಉಡುಪಿ ಕಡೆಯ ಹೋಟೆಲು ಮಾಲೀಕರ ಬಗ್ಗೆ: ಈ ಊರುಗಳಲ್ಲಿ ಹೊಸ ಶಾಖೆ ತೆರೆಯುವಾಗ ಜಾಗವನ್ನು ಹೇಗೆ ಆರಿಸುತ್ತಾರೆ ಎಂದು. ಎಲ್ಲರೂ ನಮ್ಮ ಮನೆಗೆ ಬಂದುಹೋಗುವವರು, ನಾನು ಮಾಮ ಎಂದು ಕರೆಯುವವರು. ನಾನು ಕೇಳಿದೆ ಎಂದು ಕೆಲಸ ಬಿಟ್ಟು ಕೂತು ಹಾಳೆ ತುಂಬಿದ್ದರು. ನಾಲ್ಕು ಹಾಳೆ ತಾಳೆಯಾಗದಿದ್ದಾಗ ಥೀಸಿಸ್ ಕೊಡಲು ನಾಲ್ಕು ದಿನ ಉಳಿದಿತ್ತು. ಆ ಭಾನುವಾರ ನಾನು ಮನೆಯ ಊಟದ ಮೇಜು ಬಿಟ್ಟು ಏಳಲಿಲ್ಲ. ಡೊಂಬಿವಲಿಯ ಮಾಮ ಬಾಡಿಗೆಗೆ ಕೊಟ್ಟ ಅಂಕೆಯನ್ನು ನಾನೇ ಬದಲಿಸಿದೆ, ಕಲ್ಯಾಣದವರದನ್ನು ಎರಡು ಕಡೆ, ಉಳಿದವರದನ್ನು ಒಂದೊಂದು ಕಡೆ. ಸಂಜೆಯೊಳಗೆ ಎಲ್ಲ ಹತ್ತನೇ ಒಂದರ ಒಳಗೆ ಬಂದವು. ಬಾಡಿಗೆಯೇ ಎಲ್ಲಕ್ಕಿಂತ ಮುಖ್ಯ ಎಂಬ ನನ್ನ ತೀರ್ಮಾನ ಹೀಗೆ ಹುಟ್ಟಿದ್ದು. ಅದೇ ತೀರ್ಮಾನ ನನ್ನನ್ನು ಡಾಕ್ಟರ್ ಮಾಡಿತು, ಬೇಲಾಪುರದಲ್ಲಿ ಕೆಲಸ ಕೊಡಿಸಿತು.

ಗಂಡ ಲಾಫ್ಟ್ ಹತ್ತಿ ರಟ್ಟಿನ ಪೆಟ್ಟಿಗೆ ಇಳಿಸಿಕೊಟ್ಟರು. ಹಳೆಯ ಹಾಳೆಗಳು ಇದ್ದವು. ಡೊಂಬಿವಲಿಯ ಮಾಮ ತುಂಬಿದ ಹಾಳೆಯ ಹಿಂದೆ ಅವರು ಅಂದು ಆಡಿದ ಮಾತನ್ನು ನಾನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ: "ಜಾಗ ನೋಡುವಾಗ ತಲೆ ಹೀಗೆಯೇ ತಿರುಗುವುದು ಮಗಾ. ಬಾಡಿಗೆ ಕಮ್ಮಿ ಉಂಟು ಅಂದ್ರೆ ಜನ ಓಡಾಡುವ ರಸ್ತೆ ಅಲ್ಲ. ರಸ್ತೆ ಒಳ್ಳೇದುಂಟು ಅಂದ್ರೆ ಅಡುಗೆಗೆ ಜಾಗ ಸಾಲುದಿಲ್ಲ. ಅಡುಗೆಮನೆ ದೊಡ್ಡದಿದ್ರೆ ಬಾಡಿಗೆ ಕೇಳಿ ಎದೆ ಒಡೀತದೆ. ನೀನು ಇದನ್ನೇ ಬರಿ." ನಾನು ಅದನ್ನು ಬಿಟ್ಟು ಬೇರೆಲ್ಲವನ್ನೂ ಬರೆದಿದ್ದೆ. ತಿದ್ದದ ಅಂಕೆಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿದಾಗ ನನ್ನ ತೀರ್ಮಾನ ನಿಲ್ಲಲಿಲ್ಲ. ಯಾವುದು ಮುಖ್ಯ ಎಂದು ಆ ಹಾಳೆಗಳಿಂದ ಹೇಳುವುದೇ ಸಾಧ್ಯವಿರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

"ಇದನ್ನೇ ಬರೆದು ಹಾಕ್ತೇನೆ, ಐದನೆಯ ಲೇಖನ ಅಂತ" ಎಂದು ಗಂಡನಿಗೆ ಹೇಳಿದೆ.

ಮಹಾಪೆಯ ಕಂಪನಿಯಲ್ಲಿ ಇಪ್ಪತ್ತು ವರ್ಷ ಬಾಸುಗಳನ್ನು ಕಂಡವರು ಅವರು. "ನಿನಗೆ ಮರುಳಾ ಮಾರಾಯ್ತಿ? ಯಾರೂ ಕೇಳದ್ದನ್ನು ಯಾಕೆ ಹೇಳ್ಲಿಕ್ಕೆ ಹೋಗುದು? ಕಲ್ಯಾಣದವ್ರು ಬಾಯಿ ಬಿಡುದಿಲ್ಲ, ಅವರದ್ದೂ ಸಿಕ್ಕಿಬಿದ್ದದ್ದಲ್ವಾ" ಎಂದರು. ಅವರು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಮರುದಿನ ಕೋಪರಿಗೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದೆ: ಕಲ್ಯಾಣದ ಲೇಖನ ಏಕೆ ನಡೆಯುವುದಿಲ್ಲ, ನನ್ನ ಥೀಸಿಸ್ ಏಕೆ ನಡೆಯಬಾರದಿತ್ತು, ಈಗ ಏನು ಬರೆಯಬೇಕೆಂದಿದ್ದೇನೆ.

"ಕೆಲಸ ಹೋಗತ್ತೆ ಕಣಮ್ಮ."

"ಹೇಗೂ ಹೋಗ್ತದೆ ಸರ್. ಐದು ಆಗದಿದ್ರೂ ಹೋಗ್ತದೆ."

"ಹಾಗಾದ್ರೆ ಬರೀಬೇಡ" ಎಂದರು. "ಹೇಗೂ ಮುಳುಗ್ತೀನಿ ಅಂತ ಹಾರೋದು ನಿರ್ಧಾರ ಅಲ್ಲ. ಮನೆಗೆ ಹೋಗು. ಉಳಿಯೋ ಆಸೆ ಇಟ್ಕೊಂಡೂ ಬರೀಬೇಕು ಅನ್ನಿಸಿದ್ರೆ ಬರಿ. ನಿನ್ನ ಲೇಖನ ನಿನ್ನ ಕೈಗೆ ಬರಕೂಡದು. ಪರಿಶೀಲಕರಿಗೆ ನಾನೇ ಕಳಿಸ್ತೀನಿ."

ಉಳಿಯುವ ಆಸೆ ನನಗೆ ಬೇಕಾದಷ್ಟಿತ್ತು. ಕಲ್ಯಾಣದವರಿಗೆ ಲೇಖನ ತಿರಸ್ಕೃತವಾಗಿದೆ, ಮೂಲ ಹಾಳೆಗಳೊಡನೆ ಮತ್ತೆ ಕಳಿಸಬಹುದು ಎಂದು ಎರಡು ಸಾಲಿನ ಪತ್ರ ಬರೆದೆ. ಆಮೇಲೆ ಎಂಟು ದಿನ ಕೂತು ನನ್ನದನ್ನು ಬರೆದೆ. ಬದಲಿಸಿದ ಪ್ರತಿಯೊಂದು ಅಂಕೆಯನ್ನೂ ಅದರ ಮೂಲದ ಪಕ್ಕದಲ್ಲಿಟ್ಟು ಕೋಷ್ಟಕ ಮಾಡಿದೆ. ಭಾನುವಾರದ ಸುಳ್ಳು ತಾರೀಖನ್ನೂ ಬರೆದೆ. ನಡುವೆ ಮೂರು ಸಲ, "ಸಮಯದ ಅಭಾವದಿಂದ" ಎಂದು ಟೈಪ್ ಮಾಡಿ ಅಳಿಸಿದೆ.

ಹೊಸ ವರ್ಷದ ಮರುದಿನ ಮೇಷ್ಟ್ರು ಪರಿಶೀಲಕರ ಅಭಿಪ್ರಾಯ ಕಳಿಸಿದರು. ಮೊದಲನೆಯವರು ಪ್ರಕಟಿಸಿ ಎಂದಿದ್ದರು. ಎರಡನೆಯವರು ಬರೆದದ್ದು ಇಷ್ಟೇ: "ಇದರಲ್ಲಿ ಹೊಸತೇನೂ ಇಲ್ಲ. ಎಲ್ಲರೂ ಮಾಡುವುದೇ. ಆದರೂ ಪ್ರಕಟಿಸಬಹುದು." ನಾನು ಅದನ್ನು ಓದಿ ಒಬ್ಬಳೇ ನಕ್ಕೆ, ನಗು ನಿಲ್ಲಿಸಲು ಕಷ್ಟವಾಯಿತು.

ಜನವರಿ ಮೊದಲ ವಾರ ಐದು ಲೇಖನಗಳ ಸಂಚಿಕೆ ಜಾಲತಾಣಕ್ಕೆ ಏರಿತು. ಸಂಖ್ಯೆಗೆ ಅರ್ಜಿ ಹೋಯಿತು. ಸಮಿತಿ ಬಂತು. ಹಿರಿಯ ಸದಸ್ಯರೊಬ್ಬರು ಐದನೆಯ ಲೇಖನ ಧೈರ್ಯದ್ದು ಎಂದು ಎಲ್ಲರೆದುರು ಹೊಗಳಿದರು. ಪ್ರಾಂಶುಪಾಲರು ಮುಗುಳ್ನಕ್ಕು ತಲೆಯಾಡಿಸಿದರು. ಅವರು ಅದನ್ನು ಓದಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಮರುದಿನ ಕರೆಸಿದರು. ಮೇಜಿನ ಮೇಲೆ ಲೇಖನದ ಪ್ರಿಂಟ್ ಇತ್ತು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. "ಮೇಡಂ, ಆಪ್ಕೀ ಪಿಎಚ್‌ಡೀ ಪೇ ತೋ ಆಪ್‌ನೇ ಖುದ್ ಹೀ ಸವಾಲ್ ಖಡಾ ಕರ್ ದಿಯಾ. ಮೈ ಕಿಸ್ಕೋ ಕ್ಯಾ ದಿಖಾಊಂ?" ಎಂದರು. ನಿಮ್ಮ ಪದವಿಯ ಮೇಲೆ ನೀವೇ ಪ್ರಶ್ನೆ ಎತ್ತಿದ ಮೇಲೆ ನಾನು ಯಾರಿಗೆ ಏನು ತೋರಿಸಲಿ? ಪತ್ರಿಕೆ ಮುಂದುವರಿಯುತ್ತದೆ, ಎರಡನೆಯ ಸಂಚಿಕೆಯಿಂದ ಬೇರೆಯವರು ನೋಡಿಕೊಳ್ಳುತ್ತಾರೆ ಎಂದರು. ಮಾರ್ಚಿಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯಿತು. ಥೀಸಿಸ್ಸಿನ ವಿಷಯವಾಗಿ ವಿಶ್ವವಿದ್ಯಾಲಯಕ್ಕೆ ನಾನೇ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.

ಕೊನೆಯ ದಿನ ಪುಸ್ತಕಗಳ ಚೀಲ ಹೊತ್ತು ಬೇಲಾಪುರ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಫೋನು ಬಂತು. ಕಲ್ಯಾಣದ ಉಪನ್ಯಾಸಕರು. ಕೆಲಸ ಹೋದ ಸುದ್ದಿ ಅವರಿಗೆ ತಿಳಿದಿರಲಿಲ್ಲ, ನಾನೂ ಹೇಳಲಿಲ್ಲ.

"ಮೇಡಂ, ನಿಮ್ಮ ಲೇಖನ ಓದಿದ್ನಿರಿ. ಭಾಳ ಚಲೋ ಐತಿ. ಥೀಸಿಸ್ಸಿಗೆ ಮೂರು ತಿಂಗಳು ಹೆಚ್ಚಿಗಿ ಸಿಕ್ಕೈತ್ರಿ, ನಂದೂ ತಿದ್ದಿ ಎರಡನೇ ಸಂಚಿಕೆಗೆ ಕಳಸ್ತೀನಿ. ಒಂದs ಮಾತು ಕೇಳೂದಿತ್ತು. ನಿಮ್ಮವು ಒಂಬತ್ತರಾಗ ನಾಲ್ಕು ತಾಳಿ ಆಗಿಲ್ಲ. ಹಂಗಾರ ನನ್ನ ಹನ್ನೆರಡರಾಗ ಐದು ತಾಳಿ ಆಗದಂಗ ಬರದ್ರ ಸಾಕೇನ್ರಿ? ಖರೇ ಕಾಣತೈತೇನ್ರಿ?"

ಗಾಡಿ ಬಂತು, ನಾನು ಹತ್ತಲಿಲ್ಲ. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚೀಲ ಇಳಿಸಿ ಬೆಂಚಿನ ಮೇಲೆ ಕೂತೆ.

"ಹಾಗೆ ಮಾಡ್ಬೇಡಿ" ಎಂದೆ. "ಆ ಹನ್ನೆರಡು ಜನರ ಹತ್ರ ವಾಪಸ್ ಹೋಗಿ. ಬಾಗಿಲಲ್ಲಿ ಕಾಯಬೇಕಾದ್ರೆ ಕಾಯಿರಿ. ಮತ್ತೆ ಕೇಳಿ."

ಅವರು ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದರು.

"ನೀವು ಹೋಗಿದ್ರೇನ್ರಿ ಮೇಡಂ? ಲೇಖನಾ ಬರಿಯೂ ಮುಂಚೆ, ಆ ಹೋಟೆಲಿನವರ ಕಡೆ?"

ನಾನು ಹೋಗಿರಲಿಲ್ಲ. ಡೊಂಬಿವಲಿಯ ಮಾಮನ ಹೋಟೆಲು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಪೆಟ್ಟಿಗೆಯಿಂದ ಹಳೆಯ ಹಾಳೆ ತೆಗೆದು ಲೇಖನ ಬರೆದಿದ್ದೆನೇ ಹೊರತು, ನಿಮ್ಮ ಮಾತನ್ನು ನಾನು ತಿದ್ದಿದ್ದೆ ಎಂದು ಅವರಿಗೆ ಹೇಳಿರಲಿಲ್ಲ.

"ಇಲ್ಲ" ಎಂದೆ.

ಇಬ್ಬರೂ ಫೋನ್ ಇಡಲಿಲ್ಲ.